ಒಂದೇ ಮರಿಮೀನು ನೋಡಿ ಹೊಸ ಪ್ರಭೇದ ಅನ್ನಬೇಡಿ

ಮಾಲ್ಡೀವ್ಸ್‌ನ ಹವಳ ದಿಬ್ಬಗಳಲ್ಲಿ, 40ರಿಂದ 70 ಮೀಟರ್ ಆಳದಲ್ಲಿ, ಕಣ್ಣು ಕೀಳಲಾಗದಷ್ಟು ಚೆಂದದ ಗುಲಾಬಿ ಬಣ್ಣದ ಮೀನೊಂದಿದೆ. 1990ರ ದಶಕದಲ್ಲೇ ಕೈಗೆ ಸಿಕ್ಕಿತ್ತು. ಸಿರಿಲಾಬ್ರಸ್ ಫಿನಿಫೆನ್ಮಾ ಅನ್ನೋ ಹೆಸರು ಬಂದದ್ದು ಮಾತ್ರ 2022ರಲ್ಲಿ (ಮಾಲ್ಡೀವ್ಸ್‌ನ ಭಾಷೆ ಧಿವೇಹಿಯಲ್ಲಿ ಫಿನಿಫೆನ್ಮಾ ಅಂದರೆ ಗುಲಾಬಿ). ಅಷ್ಟು ವರ್ಷ ಅದನ್ನು ಬೇರೆ ಪ್ರಭೇದದ ಬೆಳೆದ ಮೀನು ಅಂತಲೇ ಅಂದುಕೊಂಡಿದ್ದರು. ಆ ಬೇರೆ ಪ್ರಭೇದಕ್ಕೆ ಆಧಾರ ಸಾವಿರ ಕಿಲೋಮೀಟರ್ ದಕ್ಷಿಣದ ಚಾಗೋಸ್ ದ್ವೀಪಗಳಲ್ಲಿ ಸಿಕ್ಕ ಒಂದೇ ಒಂದು ಮರಿ! ಈ ಗುಂಪಿನಲ್ಲಿ ಹೆಣ್ಣೇ ಮುಂದೆ ಗಂಡಾಗುತ್ತೆ, ಬಣ್ಣವೂ ಬದಲಾಗುತ್ತೆ. ಮರಿ, ಹೆಣ್ಣು, ಗಂಡು ಮೂರೂ ಮುಂದಿಲ್ಲದೆ ಹೆಸರಿಡೋದು ಅವಸರ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆಳದ ಮೀನು ಒಂದು ಸಿಗೋದೇ ಕಷ್ಟ ಅನ್ನೋದು ಒಪ್ಪೋ ಮಾತು. 100 ಮೀಟರ್‌ನಲ್ಲಿ ಒತ್ತಡ ಮೇಲಿನದರ 11 ಪಟ್ಟು. ಮೀನು ಹಿಡಿಯೋಕೆ ಇಳಿದವರು ಕೆಳಗೆ ಕೆಲವೇ ನಿಮಿಷ ಇದ್ದರೂ ಮೇಲೆ ಬರೋಕೆ ಗಂಟೆಗಟ್ಟಲೆ ಬೇಕು. ಮೀನನ್ನು ಸರ್ರನೆ ಎತ್ತಿದರೆ ಅದರ ಗಾಳಿಚೀಲ ಉಬ್ಬಿ, ಕಣ್ಣು ಹೊರಬಂದು, ಹೊಟ್ಟೆ ಬಾಯಿಗೆ ಬರುತ್ತೆ. ಅದಕ್ಕೇ ದಾರಿಯಲ್ಲಿ ನಿಂತು ಸಣ್ಣ ಸೂಜಿ ಚುಚ್ಚಿ ಗಾಳಿ ತೆಗೀತಾರೆ. ಸೂಜಿ ಒಳಗಿನ ಅಂಗಕ್ಕೆ ತಾಗಿದರೆ ಮೀನು ಉಳಿಯಲ್ಲ.

ಮೇಲೆ ಬಂದ ಮೇಲೆ ಮೊದಲ ಕೆಲಸ ಫೋಟೋ. ಮೀನಿನ ಎಡಬದಿ ಮೇಲಿರಲಿ. ಈಜುರೆಕ್ಕೆಗಳನ್ನು ಬಿಡಿಸಿ ಗುಂಡುಸೂಜಿ ಚುಚ್ಚಿ, ಬುಡಕ್ಕೆ ಬ್ರಷ್‌ನಲ್ಲಿ ಫಾರ್ಮಲಿನ್ (ಮೀನು ಕೊಳೆಯದಂತೆ ಕಾಪಾಡೋ ರಾಸಾಯನಿಕ ದ್ರವ) ಸವರಿದರೆ ಕೆಲವೇ ನಿಮಿಷದಲ್ಲಿ ಸೆಟೆದು ನಿಲ್ಲುತ್ತವೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ತಡ ಮಾಡಿದರೆ ಬಣ್ಣ ಹೋಯ್ತು: ಸಂರಕ್ಷಣೆಯಲ್ಲಿ ಕೆಂಪು, ಹಳದಿ ಮಾಸುತ್ತವೆ, ಕಪ್ಪು ಮಾತ್ರ ಉಳಿಯುತ್ತೆ. ಡಿಎನ್‌ಎಗೆ ಬಲಬದಿಯ ಈಜುರೆಕ್ಕೆಯ ಚೂರನ್ನು ಮೊದಲೇ ಕತ್ತರಿಸಿ 95% ಎಥನಾಲ್‌ಗೆ ಹಾಕಿ. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತೆ, ಆಮೇಲೆ ಪರದಾಡಬೇಕು. ನಂತರ ಇಡೀ ಮೀನು 10% ಫಾರ್ಮಲಿನ್‌ಗೆ, ನೀರಲ್ಲಿ ತೊಳೆದು 70% ಆಲ್ಕೋಹಾಲ್‌ಗೆ.

ಈಜುರೆಕ್ಕೆಯ ಕಡ್ಡಿಗಳ ಎಣಿಕೆಯಲ್ಲಿ ಎಡವೋದೇ ಜಾಸ್ತಿ. ಬೆನ್ನಿನ ಈಜುರೆಕ್ಕೆಯ ಕೊನೆಯ ಕಡ್ಡಿ ಬುಡದವರೆಗೂ ಸೀಳಿ ಎರಡರಂತೆ ಕಾಣುತ್ತೆ, ಆದರೆ ಲೆಕ್ಕಕ್ಕೆ ಒಂದೇ. ಉದ್ದವನ್ನು ಮೂತಿಯಿಂದ ಬೆನ್ನೆಲುಬಿನ ಬಾಲದ ಕಡೆಯ ತುದಿವರೆಗೆ ಅಳೀತಾರೆ, ಬಾಲದ ರೆಕ್ಕೆ ಸೇರಿಸಲ್ಲ, ಯಾಕಂದ್ರೆ ಅದು ಸುಲಭವಾಗಿ ಮುರಿಯುತ್ತೆ. ಬೆನ್ನೆಲುಬಿನ ಮಣಿಗಳನ್ನು ಎಣಿಸೋಕೆ ಎಕ್ಸ್‌ರೇ ಬೇಕು.

ಹೋಲೋಟೈಪ್, ಅಂದರೆ ಹೊಸ ಹೆಸರಿಗೆ ಆಧಾರವಾಗಿಡೋ ಮಾದರಿ, ಒಂದೇ ಮೀನು, ಸರಿ. ಆದರೆ ಪ್ಯಾರಾಟೈಪ್‌ಗಳಲ್ಲಿ (ಅದರ ಜೊತೆಗೇ ಹೆಸರಿಸೋ ಉಳಿದ ಮಾದರಿಗಳು) ಹೆಣ್ಣು, ಮರಿ ಎರಡೂ ಇರಲಿ, ಒಂದೇ ಮ್ಯೂಸಿಯಂನಲ್ಲಿ ಗುಡ್ಡೆ ಹಾಕಬೇಡಿ. ಫೋಟೋಗೆ, ಡಿಎನ್‌ಎ ಸೀಸೆಗೆ, ಮೀನಿನ ಜಾಡಿಯೊಳಗಿನ ಚೀಟಿಗೆ ಒಂದೇ ನಂಬರ್ ಇರಲಿ, ಅದನ್ನು ಪೆನ್ಸಿಲ್‌ನಲ್ಲೇ ಬರೀರಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತೆ.