80ಜಿ ಇದ್ದರೂ ದೇಣಿಗೆ ಏಕೆ ಬರುತ್ತಿಲ್ಲ?

"ತೆರಿಗೆ ಉಳಿಸೋಕೆ ಕೊಟ್ಟದ್ದು ದಾನ ಹೇಗಾಗುತ್ತೆ?" ಅನ್ನುವವರು ಮೈಸೂರಿನಲ್ಲಿ ಬಹಳ ಜನ ಇದ್ದಾರೆ. 80ಜಿ ಅಂದರೆ ನೋಂದಣಿ ಇರುವ ಟ್ರಸ್ಟಿಗೋ ನಿಧಿಗೋ ಕೊಟ್ಟ ದೇಣಿಗೆಯ ಅರ್ಧವನ್ನೋ ಪೂರ್ತಿಯನ್ನೋ ಆದಾಯದಿಂದ ಕಳೆದು ತೆರಿಗೆ ಕಟ್ಟಲು ಬಿಡುವ ಆದಾಯ ತೆರಿಗೆ ಕಾಯ್ದೆಯ ಕಲಂ. ಲೆಕ್ಕ ಹಾಕಿ ನೋಡಿದರೆ ಅವರ ಮಾತು ನಿಲ್ಲುವುದಿಲ್ಲ.

ಇಂಥ ಕಡಿತಗಳಿಗೆ ಅವಕಾಶವಿರುವ ಹಳೇ ತೆರಿಗೆ ಪದ್ಧತಿಯಲ್ಲಿ 30% ಸ್ಲ್ಯಾಬಿನಲ್ಲಿರುವ ವೈದ್ಯರೊಬ್ಬರು ಸ್ಥಳೀಯ ಟ್ರಸ್ಟಿಗೆ 10,000 ರೂ. ಕೊಟ್ಟರು ಅನ್ನಿ. ಅದರಲ್ಲಿ ಅರ್ಧ, ಅಂದರೆ 5,000 ರೂ. ಅವರ ಆದಾಯದಿಂದ ಕಳೆಯುತ್ತದೆ. ಸೆಸ್ ಸೇರಿ ಉಳಿತಾಯವಾಗುವ ತೆರಿಗೆ 1,560 ರೂ. ಉಳಿದ 8,440 ಅವರ ಜೇಬಿನಿಂದಲೇ ಹೋಗಿದ್ದು. ಇದರಲ್ಲಿ ಲಾಭ ಮಾಡಿಕೊಂಡವರು ಯಾರೂ ಇಲ್ಲ. ಆದರೆ ಆ 1,560 ಉಳಿಯುತ್ತದೆ ಅಂತ ಗೊತ್ತಿದ್ದರೆ 10,000 ಕೊಡುವವರು 11,500 ಕೊಡಲು ಮನಸ್ಸು ಮಾಡುತ್ತಾರೆ. ವಿನಾಯಿತಿಯ ಕೆಲಸವೇ ಅದು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಪೂರ್ತಿ 100% ಕಳೆಯುತ್ತದೆ, ಮಿತಿಯೂ ಇಲ್ಲ. ಸಾಮಾನ್ಯ ಟ್ರಸ್ಟಿಗಾದರೆ ಒಟ್ಟು ಆದಾಯದ (ಬೇರೆ ಕಡಿತಗಳು ಹೋದಮೇಲೆ) 10% ತನಕ ಮಾತ್ರ. 8 ಲಕ್ಷ ಇರುವವರು 1 ಲಕ್ಷ ಕೊಟ್ಟರೆ ಲೆಕ್ಕಕ್ಕೆ ಬರುವುದು 80,000, ಕಳೆಯುವುದು 40,000.

ಇಷ್ಟು ಒಳ್ಳೆಯ ವ್ಯವಸ್ಥೆ ಹಾಳಾಗುವುದು ಸಣ್ಣಪುಟ್ಟ ಕಡೆಗಳಲ್ಲಿ. ನಗದಾಗಿ 2,000 ರೂ. ದಾಟಿದರೆ ಪೂರ್ತಿ ಮೊತ್ತಕ್ಕೂ ವಿನಾಯಿತಿ ಇಲ್ಲ, ಮೊದಲ 2,000ಕ್ಕೂ ಇಲ್ಲ. ದಾಸೋಹಕ್ಕೆ ಕೊಟ್ಟ ಅಕ್ಕಿ ಮೂಟೆ, ಹಾಸ್ಟೆಲಿಗೆ ಕೊಟ್ಟ ಬೆಂಚು, ಹೊದಿಕೆ ಯಾವುದೂ ಲೆಕ್ಕಕ್ಕಿಲ್ಲ. ಗಂಡನ ಯುಪಿಐನಿಂದ ಹಣ, ರಸೀದಿ ಹೆಂಡತಿಯ ಹೆಸರಿಗೆ ಆದರೂ ತೊಂದರೆ. ಮುಖ್ಯವಾದದ್ದು ಇನ್ನೊಂದು: ಈಗ ಬರೀ ರಸೀದಿ ನಡೆಯುವುದಿಲ್ಲ. ಟ್ರಸ್ಟು ದಾನಿಯ ಹೆಸರು, ವಿಳಾಸ, ಪ್ಯಾನ್, ಮೊತ್ತವನ್ನೆಲ್ಲ 10ಬಿಡಿ ಫಾರಂನಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, 10ಬಿಇ ಸರ್ಟಿಫಿಕೇಟ್ ತೆಗೆದುಕೊಡಬೇಕು. ತಡವಾದರೆ ದಿನಕ್ಕೆ 200 ರೂ. ಶುಲ್ಕ. ಪ್ಯಾನಿನ ಒಂದು ಅಕ್ಷರ ತಪ್ಪಿದರೂ ದಾನಿಯ ಕ್ಲೇಮು ಇಲಾಖೆಯ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಹೀಗೆ ಒಮ್ಮೆ ನೋಟಿಸ್ ಕಂಡ ದಾನಿಯನ್ನು ಮರುವರ್ಷ ಕೇಳುವುದೇ ಕಷ್ಟ. (80ಜಿ, 10ಬಿಡಿ, 10ಬಿಇ, ಫಾರಂ 16 ಇವೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ, ಫಾರಂ ಸಂಖ್ಯೆಗಳು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆಗಳು ಬೇರೆ.)

ಸಂಬಳದಾರರು ಗಮನಿಸಿ. ಟ್ರಸ್ಟಿಗೆ ನೀವೇ ನೇರವಾಗಿ ಕೊಟ್ಟದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರು ನೀಡುವ ಸಂಬಳ-ತೆರಿಗೆ ಪತ್ರವಾದ ಫಾರಂ 16ರಲ್ಲಿ ಬಂದಿರುವುದಿಲ್ಲ, ರಿಟರ್ನಿನಲ್ಲಿ ನೀವೇ ತುಂಬಬೇಕು. ಗಡುವಿನೊಳಗೆ ಹಳೇ ಪದ್ಧತಿ ಆರಿಸಿಕೊಂಡು ಸಲ್ಲಿಸಿ. ತಡವಾದರೆ ಹೊಸ ಪದ್ಧತಿಯೇ ಗತಿ, ಅಲ್ಲಿ 80ಜಿ ಇಲ್ಲ.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ (ಸಂಬಳದಾರರಿಗೆ 12.75 ಲಕ್ಷ) ತೆರಿಗೆಯೇ ಇಲ್ಲ. ಮಧ್ಯಮ ವರ್ಗಕ್ಕೆ ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮೇಷ್ಟ್ರು, ಬ್ಯಾಂಕಿನವರು, ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ನೌಕರರು, ಅಂದರೆ ನಮ್ಮ ಸಣ್ಣ ಟ್ರಸ್ಟುಗಳನ್ನು ಸಾಕುವವರೇ, 80ಜಿಯಿಂದ ಹೊರಗಾದರು. ಮಂಡ್ಯದ ಕಬ್ಬು ಬೆಳೆಗಾರರಿಗಂತೂ ಅದು ಎಂದೂ ಅನ್ವಯಿಸಿದ್ದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಮೇಲೆ ಕಳೆಯುವುದೇನನ್ನು? ಅವರು ಕೊಡುವುದೆಲ್ಲ ಬರಿಯ ಮನಸ್ಸಿನಿಂದ.

ಬ್ರಿಟನ್ನಿನಲ್ಲಿ 1990ರಿಂದ ಗಿಫ್ಟ್ ಏಡ್ ಅಂತ ಇದೆ. ತೆರಿಗೆ ಕಟ್ಟುವ ದಾನಿ 100 ಪೌಂಡ್ ಕೊಟ್ಟು ಒಂದು ಘೋಷಣೆ ಬರೆದುಕೊಟ್ಟರೆ ಸಾಕು, ಸಂಸ್ಥೆಯೇ ಸರ್ಕಾರದಿಂದ ಇನ್ನೂ 25 ಪೌಂಡ್ ಪಡೆಯುತ್ತದೆ. ಲಾಭ ನೇರವಾಗಿ ಸೇವೆಗೆ. ಹೊಸ ಪದ್ಧತಿಯಲ್ಲೂ ತೆರಿಗೆ ಕಟ್ಟುವವರ ದೇಣಿಗೆಗೆ ನಮ್ಮಲ್ಲಿ ಇಂಥದ್ದೊಂದು ಬರಲೇಬೇಕು.

ಅಲ್ಲಿಯವರೆಗೆ ಟ್ರಸ್ಟಿನವರು ಹಣ ಬಂದ ದಿನವೇ ಪ್ಯಾನ್ ಬರೆದುಕೊಳ್ಳಿ, ಏಪ್ರಿಲಿನಲ್ಲೇ ಪಟ್ಟಿ ಆಡಿಟರಿಗೆ ಕೊಡಿ. 80ಜಿ ನೋಂದಣಿ ಇರುವುದು 5 ವರ್ಷಕ್ಕೆ. ಮುಗಿಯಲು 6 ತಿಂಗಳಿರುವಾಗಲೇ ನವೀಕರಣಕ್ಕೆ ಅರ್ಜಿ ಹೋಗಿರಬೇಕು. ದಾನಿಗಳು ಹಣ ಕಳಿಸುವ ಮೊದಲು ಆ ನೋಂದಣಿ ಆದೇಶದ ಪ್ರತಿ ಕೇಳಿ, ಅವಧಿ ನೋಡಿಕೊಳ್ಳಿ. ಕೇಳಿದರೆ ಯಾವ ಒಳ್ಳೆಯ ಟ್ರಸ್ಟೂ ಬೇಸರ ಮಾಡಿಕೊಳ್ಳುವುದಿಲ್ಲ.