ಪ್ರಾಮ್‌ಗೆ 3,500 ರೂಪಾಯಿ, ದನ ಹೊಡ್ಕೊಂಡ್ ಬರೋದು ಮಾತ್ರ ಫ್ರೀ

ಮಗಳ ಸ್ಕೂಲಿಂದ ಒಂದು ಸರ್ಕ್ಯುಲರ್ ಬಂತು. ಈ ಸಲ ಹತ್ತನೇ ಕ್ಲಾಸಿನೋರಿಗೆ ಸೆಂಡಾಫ್ ಇಲ್ವಂತೆ, ಪ್ರಾಮ್ ನೈಟ್ ಅಂತೆ, ಅಂದ್ರೆ ಅಮೆರಿಕದೋರ ತರ ಡ್ಯಾನ್ಸ್ ಪಾರ್ಟಿ. ನಮ್ ಕಾಲದ ಸೆಂಡಾಫ್ ಅಂದ್ರೆ ಏನಿತ್ತು, ಪೇಪರ್ ಪ್ಲೇಟಲ್ಲಿ ಒಂದು ಮೈಸೂರ್ ಪಾಕು ಒಂದು ಹಿಡಿ ಖಾರಾ ಬೂಂದಿ, ಹೆಡ್ ಮಾಸ್ಟ್ರದ್ದು ಒಂದು ಗಂಟೆ ಭಾಷಣ, ಬಿಸಿಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ಗ್ರೂಪ್ ಫೋಟೋ, ಹುಡುಗೀರು ಅಳೋದು, ಹುಡುಗ್ರು ಇನ್ನೊಂದು ಪ್ಲೇಟ್ ಬೂಂದಿ ಎತ್ತೋದು, ಮುಗೀತು. ಇವ್ರದ್ದು ಹಂಗಲ್ಲ. ಹುಡುಗೀರಿಗೆ ಗೌನು, ಹುಡುಗ್ರಿಗೆ ಸೂಟು, ತಲೆಗೆ 3,500 ರೂಪಾಯಿ, ಸಂಜೆ 5ರಿಂದ 8 ಗಂಟೆ ತನಕ (ನೈಟ್ ಅನ್ನೋದು ಬರೀ ಹೆಸರಿಗೆ), ಕೊನೇಲಿ ದಪ್ಪಕ್ಷರದಲ್ಲಿ, ಗೇಟಿಂದ ಹಾಲ್ ತನಕ ಗ್ರ್ಯಾಂಡ್ ಪ್ರಾಮೆನೇಡ್ ಇರತ್ತೆ, ಪೇರೆಂಟ್ಸ್ ಸಹಕರಿಸಬೇಕು.

"ಪ್ರಾಮೆನೇಡ್ ಅಂದ್ರೇನಮ್ಮ?" ಅಂದೆ.

"ಅಯ್ಯೋ ಅಪ್ಪಾ, ಸುಮ್ನೆ ನಡ್ಕೊಂಡ್ ಹೋಗೋದು."

ಸುಮ್ನೆ ನಡ್ಕೊಂಡ್ ಹೋಗಕ್ಕೆ 3,500! ದುಡ್ಡು ಕೊಡೋನು ನಾನು ತಾನೇ, ಆ ಪದಕ್ಕೆ ಅಷ್ಟು ಬೆಲೆ ಬಾಳತ್ತಾ ನೋಡೋಣ ಅಂತ ಡಿಕ್ಷನರಿ ತೆಗೆದು ಕೂತೆ. ಪ್ರಾಮ್ ಅನ್ನೋದು ಪ್ರಾಮೆನೇಡ್‌ದೇ ಬಾಲ ಕತ್ತರಿಸಿದ ರೂಪ. ಹತ್ತೊಂಬತ್ತನೇ ಶತಮಾನದ ಕೊನೇಲಿ ಅಮೆರಿಕದ ಕಾಲೇಜುಗಳಲ್ಲಿ ಡ್ಯಾನ್ಸ್ ಶುರುವಾಗೋಕೆ ಮುಂಚೆ ಬಂದೋರೆಲ್ಲ ಜೋಡಿ ಜೋಡಿಯಾಗಿ ಒಂದು ಸುತ್ತು ಬರೋರು, ಆ ಸುತ್ತಿನ ಹೆಸರು ಇಡೀ ಕುಣಿತಕ್ಕೇ ಅಂಟ್ಕೊಳ್ತು. ಅದೇ ಲಂಡನ್ನಿಗೆ ಹೋಗಿ ಪ್ರಾಮ್ಸ್ ಅಂದ್ರೆ ಸಂಗೀತ ಕಛೇರಿ, 1895ರಲ್ಲಿ ಶುರುವಾಗಿದ್ದು, ಕಡಿಮೆ ದುಡ್ಡಿಗೆ ನಿಂತ್ಕೊಂಡು ಕೇಳ್ಬೋದು, ಕುಣಿಯಂಗಿಲ್ಲ. ಇಂಗ್ಲೆಂಡಿನ ಕಡಲತೀರದ ಊರು ಬ್ಲ್ಯಾಕ್‌ಪೂಲಿಗೆ ಹೋದ್ರೆ ಪ್ರಾಮ್ ಅಂದ್ರೆ ಸಮುದ್ರದ ಪಕ್ಕದ ರಸ್ತೆ. ಒಂದೇ ಪದ, ಒಂದು ಕಡೆ ಕುಣಿತಾರೆ, ಒಂದು ಕಡೆ ನಿಂತ್ಕೋತಾರೆ, ಇನ್ನೊಂದು ಕಡೆ ಗಾಳಿ ಕುಡೀತಾರೆ.

ಇನ್ನೂ ಕೆಳಗೆ ಅಗೆದ್ರೆ ಮಜಾ ಇರೋದು. ಫ್ರೆಂಚರಿಂದ ಬಂದಿದ್ದು, ಅವ್ರಿಗೆ ಲ್ಯಾಟಿನಿಂದ, ಅಲ್ಲಿ ಆ ಪದದ ಅರ್ಥ ದನಾನ ಮುಂದಕ್ಕೆ ಅಟ್ಟೋದು, ಅದೂ ಗದರಿಸ್ಕೊಂಡು! ಪೇಪರಲ್ಲಿ ಬರತ್ತಲ್ಲ ಬೀದಿನಾಯಿ ಮೆನೇಸ್ ಅಂತ, ಆ ಮೆನೇಸೂ ಈ ಪ್ರಾಮೆನೇಡೂ ದಾಯಾದಿಗಳು.

ಊರಿಗೆ ಫೋನ್ ಮಾಡಿ ಅಮ್ಮಂಗೆ ಹೇಳ್ದೆ. ತಿಪಟೂರು ಕಡೆ ಹಳ್ಳಿ ನಮ್ದು, ಅಮ್ಮ ಮೂವತ್ತು ವರ್ಷ ಎಮ್ಮೆ ದನ ನೋಡ್ಕೊಂಡೋಳು. ಪೂರ್ತಿ ಕೇಳಿ ಒಂದೇ ಮಾತು ಅಂದ್ಲು. "ಅಲ್ವೋ, ನಿಮ್ಮಪ್ಪ ದಿನಾ ಸಾಯಂಕಾಲ ಅದುನ್ನೇ ತಾನೇ ಮಾಡ್ತಿದ್ದಿದ್ದು, ಯಾರೂ ಒಂದು ಬೀಡಿಗೂ ಕಾಸು ಕೊಡ್ಲಿಲ್ವಲ್ಲೋ."

ಅವತ್ತಿಂದ ನಂಗೊಂದು ಚಟ ಹತ್ಕೊಳ್ತು. ಈ ನಡಿಯೋದು, ಮೆರೆಯೋದು, ಕುಣಿಯೋದು ಇದಕ್ಕೆಲ್ಲ ಇಂಗ್ಲಿಷ್ನೋರು ಇಟ್ಟಿರೋ ಹೆಸರುಗಳನ್ನ ಒಂದೊಂದೇ ಸಿಪ್ಪೆ ಸುಲಿಯೋದು. ಸುಲೀತಾ ಸುಲೀತಾ ಗೊತ್ತಾಯ್ತು, ಇಂಗ್ಲೆಂಡು ಅಮೆರಿಕದೋರೆಲ್ಲ ಈ ಪದಗಳ ಅರ್ಥ ಕೆಡಿಸ್ಕೊಂಡು ಕೂತಿದಾರೆ, ಮೂಲ ಅರ್ಥ ಒಂಚೂರೂ ಕೆಡದಂಗೆ ಕಾಪಾಡ್ಕೊಂಡು ಬಂದಿರೋ ಊರು ಭೂಮಿ ಮೇಲೆ ಒಂದೇ, ನಮ್ಮ ಬೆಂಗಳೂರು. ಸುಮ್ನೆ ಪಾಲಿಕೆಗೆ (ಈಗ ಒಂದಲ್ಲ, ಐದು) ಬೈತೀವಿ ನಾವು.

ಪರೇಡ್ ತಗೊಳ್ಳಿ. ಸ್ಪ್ಯಾನಿಷ್ ಕಡೆಯಿಂದ ಬಂದ ಪದ, ಓಡ್ತಿರೋ ಕುದುರೆನ ಗಕ್ಕಂತ ನಿಲ್ಲಿಸೋದಕ್ಕೆ ಹೇಳೋರಂತೆ, ಇವತ್ತಿಗೂ ಅವ್ರ ಭಾಷೇಲಿ ಪರಾಡಾ ಅಂದ್ರೆ ಬಸ್ ಸ್ಟಾಪು. ನಿಲ್ಲೋದು! ಈಗ ನಮ್ಮ ಎಂ.ಜಿ. ರೋಡಿನ ಹಳೇ ಹೆಸರು ಏನು, ಸೌತ್ ಪರೇಡ್. ದಂಡಿನ ಕಾಲದಲ್ಲಿ ಪರೇಡ್ ಮೈದಾನದ ದಕ್ಷಿಣಕ್ಕಿದೆ ಅಂತ ಇಟ್ಟಿದ್ದು, 1948ರಲ್ಲಿ ಗಾಂಧೀಜಿ ಹೆಸರಿಟ್ರು. ಹೆಸರು ಹೋಯ್ತು, ಅರ್ಥ ಹೋಗಿಲ್ಲ ಸ್ವಾಮಿ. ಶುಕ್ರವಾರ ಸಂಜೆ 6 ಗಂಟೆಗೆ ಟ್ರಿನಿಟಿ ಸರ್ಕಲ್ ಕಡೆಯಿಂದ ಬಂದು ನೋಡಿ, ಅಷ್ಟು ಶಿಸ್ತಾಗಿ, ಅಷ್ಟು ಹೊತ್ತು, ಅಷ್ಟು ಜನ ಅಲ್ಲಾಡದೆ ನಿಂತಿರೋ ಪರೇಡು ಜನವರಿ 26ಕ್ಕೆ ಮಾಣೆಕ್ ಷಾ ಮೈದಾನದಲ್ಲೂ ಸಿಗಲ್ಲ.

ಆ ರೋಡ್ ಪಕ್ಕದಲ್ಲೇ ಒಂದು ಬೂಲೆವಾರ್ಡ್ ಇತ್ತು, ನೆನಪಿದ್ಯಾ, ನೆರಳು, ಕಾಗದದ ಹೂವು, ಕೂತ್ಕೊಳಕ್ಕೆ ಬೆಂಚು. ಆಮೇಲೆ ಮೆಟ್ರೋ ಕೆಲಸ ಬಂತು, 2011ರ ಅಕ್ಟೋಬರಲ್ಲಿ ರೈಲು ಓಡಕ್ಕೂ ಶುರುವಾಯ್ತು, ಹಳೇ ಬೂಲೆವಾರ್ಡ್ ಜಾಗದ ಮೇಲೆ ಈಗ ಕಾಂಕ್ರೀಟ್ ಕಂಬ. ಬೇಜಾರಾಗಿತ್ತು ನಂಗೆ. ಆಮೇಲೆ ಗೊತ್ತಾಯ್ತು, ಬೂಲೆವಾರ್ಡ್ ಅನ್ನೋ ಪದ ಬಂದಿರೋದೇ ಕೋಟೆ ಕೊತ್ತಲಕ್ಕೆ ಹೇಳೋ ಹಳೇ ಡಚ್ ಪದದಿಂದ, ಪ್ಯಾರಿಸ್ಸಲ್ಲಿ ಹಳೇ ಕೋಟೆ ಕೆಡವಿ ಆ ಜಾಗದಲ್ಲಿ ಮರ ನೆಟ್ಟು ಓಡಾಡಕ್ಕೆ ದಾರಿ ಮಾಡಿದ್ರು, ಹೆಸರು ಹಂಗೇ ಉಳೀತು. ನಾವು ಉಲ್ಟಾ ಹೋದ್ವಿ, ಮರ ಕಡಿದು ಕೋಟೆ ಕಟ್ಟಿದ್ವಿ. ಮೂಲಕ್ಕೆ ವಾಪಸ್ಸು.

ಇನ್ನು ಫುಟ್‌ಪಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ನಮ್ಮೋರಿಗೆ ಇದರ ಮೇಲೆ ಬಹಳ ಸಿಟ್ಟು. ಇಂಗ್ಲೆಂಡಲ್ಲಿ ರಸ್ತೆ ಪಕ್ಕ ಕಲ್ಲು ಹಾಸಿರೋದಕ್ಕೆ ಪೇವ್‌ಮೆಂಟ್ ಅಂತಾರೆ, ಅಮೆರಿಕದಲ್ಲಿ ಸೈಡ್‌ವಾಕ್. ಫುಟ್‌ಪಾತ್ ಅಂತ ಇಂಗ್ಲಿಷ್ನೋರು ಸಾಮಾನ್ಯವಾಗಿ ಹೇಳೋದು ಹಳ್ಳಿ ಕಡೆ ಹೊಲದ ಬದು ಮೇಲೆ, ಬೇಲಿ ಸಂದಿ, ಹಳ್ಳ ದಾಟ್ಕೊಂಡು ಹೋಗೋ ಕಾಲುದಾರಿಗೆ. ಈಗ ನಮ್ಮ ಏರಿಯಾ ಫುಟ್‌ಪಾತ್ ವರ್ಣನೆ ಕೇಳಿ. ಮನೆ ಬಿಟ್ಟು ಹತ್ತು ಹೆಜ್ಜೆಗೆ ಒಂದು ಗುಡ್ಡ, ಅದು ಕೇಬಲ್ನೋರು ಅಗೆದು ಹಾಕಿದ ಮಣ್ಣು. ಇಳಿದ್ರೆ ಕಣಿವೆ, ಚರಂಡಿ ಚಪ್ಪಡಿ ಬಾಯಿ ಬಿಟ್ಕೊಂಡಿರತ್ತೆ, ಒಳಗೆ ಜುಳು ಜುಳು. ಅಲ್ಲಿಂದ ಮುಂದೆ ಟ್ರಾನ್ಸ್‌ಫಾರ್ಮರ್, ಅದನ್ನ ಪ್ರದಕ್ಷಿಣೆ ಹಾಕ್ಬೇಕು, ಹಾಕುವಾಗ ರಸ್ತೆಗಿಳೀಬೇಕು, ಇಳಿದಾಗ ಆಯುಷ್ಯ ಗಟ್ಟಿ ಇರಬೇಕು. ಆಮೇಲೆ ಎಳನೀರು ಗಾಡಿ, ಆಮೇಲೆ ಫುಟ್‌ಪಾತ್ ಮೇಲೇ ಎದುರಿಂದ ಬರೋ ಬೈಕ್ನೋನು, ಅವ್ನೇ ನಮಗೆ "ನೋಡ್ಕೊಂಡ್ ನಡೀರಿ ಅಂಕಲ್" ಅಂತ ಬುದ್ಧಿ ಹೇಳೋನು. ಕೊನೇಲಿ ಎರಡು ಹಸು ಮಲಗಿರ್ತವೆ. ಗುಡ್ಡ, ಹಳ್ಳ, ದನ, ಇನ್ನೇನು ಬಾಕಿ, ಅಪ್ಪಟ ಇಂಗ್ಲಿಷ್ ಗ್ರಾಮೀಣ ಫುಟ್‌ಪಾತ್. ಅಲ್ಲಿ ಜನ ವೀಕೆಂಡಲ್ಲಿ ಬೂಟು ಹಾಕ್ಕೊಂಡು ಊಟ ಕಟ್ಕೊಂಡು ಇಂಥ ದಾರಿ ಹುಡುಕ್ಕೊಂಡು ಹೋಗ್ತಾರೆ, ನಮಗೆ ಹಾಲು ತರಕ್ಕೆ ಹೋದ್ರೇ ಸಿಗತ್ತೆ.

ಸ್ಟ್ರೋಲ್ ಅನ್ನೋದಕ್ಕೂ ಜರ್ಮನ್ ಮೂಲ ಹೇಳ್ತಾರೆ, ಅಲೆಮಾರಿ ತರ ತಿರುಗೋದು ಅಂತ. ನಂಬ್ತೀನಿ. ಕಳೆದ ತಿಂಗಳು ಊಟ ಆದ್ಮೇಲೆ ಸ್ಟ್ರೋಲ್ ಮಾಡ್ತಾ ಪಕ್ಕದ ಲೇಔಟ್ ಒಳಗೆ ಕಾಲಿಟ್ಟೆ, ಸೆಕ್ಯುರಿಟಿಯೋನು "ಯಾವ ಫ್ಲ್ಯಾಟು, ಯಾರ ಹತ್ರ ಬಂದಿದೀರ, ಓಟಿಪಿ ಹೇಳಿ" ಅಂದ. ಆ ಲೇಔಟ್ ಹೆಸರಲ್ಲೂ ಪ್ರಾಮೆನೇಡ್ ಅಂತಿದೆ, ಆಣೆ. ಮತ್ತೆ ನನ್ನ ಅಟ್ಟಿದ ನೋಡಿ ಹೊರಕ್ಕೆ, ಅದೂ ಗದರಿಸ್ಕೊಂಡು, ಅಪ್ಪಟ ಲ್ಯಾಟಿನ್.

ಹಂಗಾಗಿ ನಮ್ಮ ಬಿಲ್ಡಿಂಗಿನ ರಿಟೈರ್ಡ್ ಸಾರ್ ಒಬ್ರು ವಾಕಿಂಗಿಗೆ ಮಾಲಿಗೆ ಹೋಗ್ತಾರೆ. ಏಸಿ, ಸಮ ನೆಲ, ನಾಯಿ ಇಲ್ಲ. ಅವ್ರನ್ನ ನೋಡಿ ನಗ್ತಿದ್ದೆ, ಈಗ ನಗಲ್ಲ. ಲಂಡನ್ನಲ್ಲಿ ಹದಿನೇಳನೇ ಶತಮಾನದಲ್ಲಿ ಪಾಲ್ ಮಾಲ್ ಅಂತ ಸುತ್ತಿಗೆ ತರದ ಕೋಲಲ್ಲಿ ಚೆಂಡು ಹೊಡೆಯೋ ಆಟ ಇತ್ತು, ಆಡೋ ಉದ್ದ ಅಂಗಳಕ್ಕೆ ಮಾಲ್ ಅಂದ್ರು, ಆಟ ನಿಂತ್ಮೇಲೆ ಜನ ಅಲ್ಲಿ ಅಡ್ಡಾಡಕ್ಕೆ ಶುರು ಮಾಡಿದ್ರು, ಮಾಲ್ ಅಂದ್ರೆ ನೆರಳಿನ ವಾಕಿಂಗ್ ಜಾಗ ಅಂತಾಯ್ತು, ಅಂಗಡಿ ಬಂದಿದ್ದು ಎಷ್ಟೋ ಕಾಲ ಆದ್ಮೇಲೆ. ಸಾರ್ ಏನೂ ತಗೊಳ್ಳದೆ ನಾಲ್ಕು ಸುತ್ತು ಹಾಕಿ ಬರ್ತಾರಲ್ಲ, ಮಾಲನ್ನ ಸರಿಯಾಗಿ ಬಳಸ್ತಿರೋರು ಅವ್ರೊಬ್ರೇ.

ಆಂಬುಲೆನ್ಸ್ ವಿಷಯ ಬರೀಲೋ ಬೇಡ್ವೋ ಅನ್ಕೊಂಡೆ. ಅದರ ಬೇರು ನಡಿಯೋದು ಅನ್ನೋ ಲ್ಯಾಟಿನ್ ಪದ, ಸೈನ್ಯದ ಹಿಂದೆ ಹೋಗೋ ನಡೆದಾಡೋ ಆಸ್ಪತ್ರೆ ಅಂತ ಫ್ರೆಂಚರು ಇಟ್ಟ ಹೆಸರು. ನಮ್ಮಲ್ಲಿ ಅದು ಹೆಬ್ಬಾಳದ ಹತ್ರ ಎಷ್ಟು ಸ್ಪೀಡಲ್ಲಿ ಹೋಗತ್ತೆ ಅಂತ ನೋಡಿದೋರಿಗೆ ಬಿಡಿಸಿ ಹೇಳ್ಬೇಕಿಲ್ಲ.

ಮೆರವಣಿಗೆ ಕಥೆ ಬೇರೆ. ಪ್ರೊಸೆಷನ್ ಅಂದ್ರೆ ಲ್ಯಾಟಿನಲ್ಲಿ ಮುಂದಕ್ಕೆ ಹೋಗೋದು. ಈ ಒಂದು ಪದಾನ ಮಾತ್ರ ನಾವು ತಿದ್ದಿದೀವಿ. ಬೆಂಗಳೂರಲ್ಲಿ ಪ್ರತಿಭಟನೆ ಮಾಡ್ಬೇಕು ಅಂದ್ರೆ 2021ರ ಆದೇಶದ ಪ್ರಕಾರ ಫ್ರೀಡಂ ಪಾರ್ಕಲ್ಲೇ ಮಾಡ್ಬೇಕು, ಬೀದೀಲಿ ಹೋಗಂಗಿಲ್ಲ. ಆ ಪಾರ್ಕ್ ಮೊದಲು ಏನಾಗಿತ್ತು? ಸೆಂಟ್ರಲ್ ಜೈಲು! ಮುಂದೆ ಹೋಗೋರು ಹಳೇ ಜೈಲಿನ ಕಾಂಪೌಂಡ್ ಒಳಗೆ ನಿಂತಲ್ಲೇ ಮುಂದೆ ಹೋಗ್ಬೇಕು, ಅದರ ಹೆಸರು ಫ್ರೀಡಂ. ಜನ ನಡೆದ್ರೆ ಟ್ರಾಫಿಕ್ ಜಾಮ್ ಆಗತ್ತೆ ಅಂತ ಕಾರಣ, ಸರಿ, ಒಪ್ಪೋಣ. ಆದ್ರೆ ಸಾಹೇಬ್ರದ್ದು ಕಾರುಗಳ ಸಾಲು ಹೋಗತ್ತಲ್ಲ, ಮೋಟರ್‌ಕೇಡ್, ಸೈರನ್ ಹಾಕ್ಕೊಂಡು ಜೀರೋ ಟ್ರಾಫಿಕಲ್ಲಿ? ಅದಕ್ಕೆ ಪಾರ್ಕ್ ಇಲ್ಲ, ಇಡೀ ಊರೇ ಪಾರ್ಕು. ಕುದುರೆ ಸವಾರರ ಸಾಲಿಗೆ ಕ್ಯಾವಲ್‌ಕೇಡ್ ಅಂತ ಹೆಸರಿತ್ತು, ಅದರಲ್ಲಿರೋ ಕುದುರೆ ಕಿತ್ತು ಮೋಟರ್ ಸೇರಿಸಿ ಇಪ್ಪತ್ತನೇ ಶತಮಾನದ ಶುರುವಲ್ಲಿ ಅಮೆರಿಕದೋರು ಮಾಡಿದ ಪದ ಅದು. ಕುದುರೆ ಹೋದ್ರೂ ಗತ್ತು ಹಂಗೇ ಇದೆ.

ನಾವೂ ಅವ್ರಿಗೊಂದು ಪದ ಕೊಟ್ಟಿದೀವಿ, ಅದನ್ನ ಮರೀಬಾರ್ದು. ಪುರಿ ಜಗನ್ನಾಥನ ತೇರು ನೋಡಿ ದಂಗಾಗಿ ಜಗ್ಗರ್‌ನಾಟ್ ಅಂತ ಮಾಡ್ಕೊಂಡ್ರು, ತಡೆಯಕ್ಕಾಗದ ದೈತ್ಯ ಅಂತ ಅರ್ಥ. ಬ್ರಿಟನ್ನಲ್ಲಿ ಈಗ ಭಾರೀ ಲಾರಿಗೂ ಅದೇ ಹೆಸರು. ದೇವರನ್ನ ಕಳಿಸಿದ್ವಿ, ಲಾರಿಯಾಗಿ ವಾಪಸ್ ಬಂತು, ರಾತ್ರಿ 11ರ ಮೇಲೆ ನಮ್ಮ ಬೀದೀಲಿ ಕಾಂಕ್ರೀಟ್ ಮಿಕ್ಸರ್ ತಿರುಗಿಸ್ಕೊಂಡು ಬರೋದು ಅವ್ನೇ. ತೇರಿಗೆ ಬಾಳೆಹಣ್ಣು ಎಸೀತಿದ್ವಿ, ಇದಕ್ಕೆ ಏನು ಎಸೀಬೇಕು ಅಂತ ದಿನಾ ಯೋಚ್ನೆ ಮಾಡ್ತೀನಿ.

ಪ್ರಾಮ್‌ಗೆ ಬರೋಣ. ಡ್ಯಾನ್ಸ್ ಪ್ರಾಕ್ಟೀಸ್ ಶುರುವಾಯ್ತು, ವಾಲ್ಟ್ಸ್ ಅಂತೆ, ಜೋಡಿ ಜೋಡಿಯಾಗಿ ಹಿಡ್ಕೊಂಡು ಸುತ್ತೋ ಕುಣಿತ. ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಗಲಾಟೆ. ಒಬ್ರು ನಮ್ಮ ಸಂಸ್ಕೃತಿ ಅಂದ್ರು, ಇನ್ನೊಬ್ರು ಗ್ಲೋಬಲ್ ಎಕ್ಸ್‌ಪೋಶರ್ ಅಂದ್ರು, ಮಗದೊಬ್ರು ಗುಡ್ ಮಾರ್ನಿಂಗ್ ಫೋಟೋ ಹಾಕಿದ್ರು. 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆನೂ ವಾಲ್ಟ್ಸ್ ನೋಡಿ ಅಸಭ್ಯ ಅಂತ ಕೆಂಡ ಕಾರಿತ್ತು, ಮಕ್ಕಳಿರೋ ಅಪ್ಪ ಅಮ್ಮಂದಿರೇ ಹುಷಾರು ಅಂತ ಬರೆದಿತ್ತು, ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪ್ ಹೆಚ್ಚು ಕಮ್ಮಿ ಇನ್ನೂರು ವರ್ಷ ಲೇಟು, ಅಷ್ಟೇ. ಕೊನೆಗೆ ಸ್ಕೂಲ್ನೋರು ರಾಜಿ ಮಾಡಿಸಿದ್ರು. ವಾಲ್ಟ್ಸ್ ಇರತ್ತೆ, ಆದ್ರೆ ಹುಡುಗೀರು ಹುಡುಗೀರ ಜೊತೆ, ಹುಡುಗ್ರು ಹುಡುಗ್ರ ಜೊತೆ, ಮಧ್ಯದಲ್ಲಿ ಒಂದು ಕೈ ಅಂತರ, ಕೈ ಹಿಡಿಯಂಗಿಲ್ಲ, ಕರ್ಚೀಫಿನ ಎರಡು ತುದಿ ಹಿಡ್ಕೋಬೋದು. ಇದಕ್ಕೆ ನಮ್ಮೂರಲ್ಲಿ ಕುಂಟೆಬಿಲ್ಲೆ ಆಡೋದೇ ಹೆಚ್ಚು ರೊಮ್ಯಾಂಟಿಕ್ ಆಗಿತ್ತು. ನನ್ ಹೆಂಡ್ತಿ "ರೀ ಸುಮ್ನಿರಿ, ಗ್ರೂಪಲ್ಲಿ ಏನೂ ಹಾಕ್ಬೇಡಿ, ಇಂಟರ್ನಲ್ ಮಾರ್ಕ್ಸ್ ಇದೆ" ಅಂದ್ಲು, ಸುಮ್ನಾದೆ.

ಆ ದಿನ ಬಂತು. ಸ್ಕೂಲಿಂದ ಒಂದು ಕಿಲೋಮೀಟರ್ ಮುಂಚೆನೇ ಕಾರು ಪರೇಡ್‌ಗೆ ನಿಂತ್ಕೊಳ್ತು, ಸ್ಪ್ಯಾನಿಷ್ ಅರ್ಥದಲ್ಲಿ. ಇಳಿದು ನಡೆದ್ವಿ. ಮಗಳು ಮುಂದೆ, ಚಪ್ಪಲಿ ಕೈಯಲ್ಲಿ, ಗೌನಿನ ಹಿಂದಿನ ತುದಿ ಎತ್ತಿ ಹಿಡ್ಕೊಂಡು ನಾನು, ಗುಡ್ಡ ಹತ್ತಿ, ಚಪ್ಪಡಿ ಹಾರಿ, ಟ್ರಾನ್ಸ್‌ಫಾರ್ಮರ್ ಸುತ್ತಿ. ಎಳನೀರಿನೋನು ಕೊಚ್ಚೋದು ನಿಲ್ಲಿಸಿ "ಮದ್ವೇನಾ ಸಾರ್?" ಅಂದ. ಅಲ್ಲಪ್ಪ, ಹತ್ತನೇ ಕ್ಲಾಸು ಅಂದೆ.

ಗೇಟ್ ಹತ್ರ ಗೌನು ಸೂಟುಗಳದ್ದೊಂದು ಗುಂಪು, ಯಾವ ಕಡೆ ಹೋಗ್ಬೇಕು ಗೊತ್ತಿಲ್ದೆ ನಿಂತಿದೆ, ಎಲ್ರ ಕೈಲೂ ಫೋನು. ಅಷ್ಟೊತ್ತಿಗೆ ಪೀಟಿ ಮೇಷ್ಟ್ರು ಬಂದ್ರು, ಬಾಯಲ್ಲಿ ಸೀಟಿ, ಕೈಲೊಂದು ಸ್ಕೇಲು. "ಏಯ್ ನಡೀರಿ, ನಡೀರಿ ಮುಂದೆ! ಲೈನು, ಲೈನು! ಏಯ್ ನೀಲಿ ಗೌನು, ಆ ಕಡೆ ಎಲ್ಲಿಗ್ ಹೋಗ್ತಿದೀಯ, ಬಾ ಈ ಕಡೆ! ಹೋಯ್!" ಗ್ರ್ಯಾಂಡ್ ಪ್ರಾಮೆನೇಡ್ ಶುರು.

ಅಮ್ಮಂಗೆ ಮೊಮ್ಮಗಳನ್ನ ನೋಡ್ಬೇಕು ಅಂತ ಆಸೆ, ವೀಡಿಯೋ ಕಾಲ್ ಹಾಕಿ ಆ ಕಡೆ ಹಿಡಿದೆ. ಅವ್ಳು ಮೊಮ್ಮಗಳನ್ನ ನೋಡಿದ್ಲೋ ಇಲ್ವೋ, ಮೇಷ್ಟ್ರನ್ನೇ ಬಹಳ ಹೊತ್ತು ನೋಡಿದ್ಲು.

"ಯಾವೂರೋನೋ ಅವ್ನು? ಚೆನ್ನಾಗ್ ಹೊಡೀತಾನೆ. ಕೋಲು ಮಾತ್ರ ಇನ್ನೊಂಚೂರು ಉದ್ದ ಇರ್ಬೇಕಿತ್ತು ಕಣೋ."