ನಾಳೆಗಿಂತ ಆಚೆ

ಆ್ಯಪ್‌ಗಳ ಸಹವಾಸ ಸಾಕಾಗಿ, ಮಾಡಬೇಕಾದ ಕೆಲಸಗಳನ್ನೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡತೊಡಗಿದೆ. ಸಾಲಿಗೊಂದು ಕೆಲಸ, ಮುಂದೆ ತಾರೀಕು. ಎಡಿಟರ್‌ನಲ್ಲಿ ಸಾರ್ಟ್ ಒತ್ತಿದರೆ ಎಲ್ಲ ಸಾಲಾಗಿ ನಿಲ್ಲುತ್ತವೆ. ನಿಂತವು ಕೂಡ.

ಫೆಬ್ರವರಿ 4ರಂದು ನೋಡಿದರೆ ‘04-02-2025 ಗ್ಯಾಸ್ ಬುಕ್ಕಿಂಗ್’, ಅದರ ಕೆಳಗೇ ‘04-05-2025 ಷಡ್ಡಕನ ಗೃಹಪ್ರವೇಶ’. ಮೊದಲಿನ 04 ಕಂಡದ್ದೇ, ಇಸ್ತ್ರಿ ಪಂಚೆ ಉಟ್ಟು, ಉಡುಗೊರೆಯ ಕುಕ್ಕರ್ ಹಿಡಿದು ಹೊರಟೆ. ಹೆಂಡತಿ ತವರಿನಲ್ಲಿದ್ದಳು, ಇಲ್ಲದಿದ್ದರೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅಲ್ಲಿ ಮಾವಿನ ತೋರಣವೂ ಇಲ್ಲ, ಬಾಗಿಲೂ ಇಲ್ಲ. “ಸೆಂಟ್ರಿಂಗ್ ಇನ್ನೂ ಬಿಚ್ಚಿಲ್ಲ ಸಾರ್, ಕೆಳಗೆ ಬರಬೇಡಿ” ಎಂದ ಮೇಸ್ತ್ರಿ, ಕುಕ್ಕರನ್ನೇ ದಿಟ್ಟಿಸುತ್ತ.

ಆಮೇಲೆ ಅಕ್ಕನ ಮಗ ಬಿಡಿಸಿ ಹೇಳಿದ. ಕಂಪ್ಯೂಟರಿಗೆ ಅದು ತಾರೀಕೇ ಅಲ್ಲ, ಬರೀ ಅಕ್ಷರಗಳ ಸಾಲು. ಎಡದಿಂದ ಒಂದೊಂದೇ ಹೋಲಿಸುತ್ತದೆ. ಹಾಗಾಗಿ ವರ್ಷ ಮುಂದಿರಬೇಕು, ಆಮೇಲೆ ತಿಂಗಳು, ಕೊನೆಗೆ ದಿನ. “1988ರಲ್ಲೇ ಐಎಸ್‌ಒ 8601 ಅಂತ ಇದಕ್ಕೆ ಕಟ್ಟಳೆ ಮಾಡಿದಾರೆ ಮಾವ.” ಮಾಡಿದ್ದವರು ನನಗೊಂದು ಮಾತು ಹೇಳಬಹುದಿತ್ತು.

ತಿದ್ದಿದೆ. ಆದರೆ ಸೊನ್ನೆಯಲ್ಲಿ ಜಿಪುಣತನ ಮಾಡಿ 2025-5-4 ಎಂದು ಬರೆದೆ. ಐದಕ್ಕಿಂತ ಹತ್ತರ ಒಂದು ಚಿಕ್ಕದಲ್ಲವೇ? ಅಕ್ಟೋಬರಿನ ಆಯುಧಪೂಜೆ ಗೃಹಪ್ರವೇಶಕ್ಕೂ ಮುಂಚೆ ಬಂದು ಕೂತಿತು. ಪುಣ್ಯಕ್ಕೆ ಈ ಸಲ ಕುಂಬಳಕಾಯಿ ತರುವ ಮೊದಲೇ ಎಚ್ಚರವಾಯಿತು.

ಸೊನ್ನೆಗಳನ್ನೂ ಹಾಕಿದೆ. ನವೆಂಬರ್ ಬಂದಾಗ ಕನ್ನಡಾಭಿಮಾನ ಉಕ್ಕಿತು. ‘೨೦೨೫-೧೧-೧೬ ಮಗಳ ಶಾಲೆಯಲ್ಲಿ ನಾಟಕ’ ಎಂದು ಕನ್ನಡ ಅಂಕಿಗಳಲ್ಲೇ ಬರೆದೆ. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಕ್ರಮಸಂಖ್ಯೆ ಕೊಟ್ಟಿಟ್ಟುಕೊಂಡ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಅಂಕಿಗಳ ಜಾಗ ಇಂಗ್ಲಿಷ್ ಅಂಕಿಗಳಿಗಿಂತ ಎಷ್ಟೋ ಆಚೆ, ಕನ್ನಡದ ಅಕ್ಷರಗಳಿಗೂ ಆಚೆ. ನಾಟಕ ಪಟ್ಟಿಯ ಪಾತಾಳಕ್ಕೆ ಹೋಯಿತು. ಮಗಳು ಮರವಾಗಿ ಅರ್ಧ ಗಂಟೆ ಅಲುಗದೆ ನಿಂತದ್ದನ್ನು ನಾನು ಪಕ್ಕದ ಮನೆಯವರ ಮೊಬೈಲಿನಲ್ಲಿ ನೋಡಬೇಕಾಯಿತು.

ಪಾತಾಳ ಎಂದೆನಲ್ಲ, ಅದರ ಸ್ವಲ್ಪ ಮೇಲೆ ಇನ್ನೊಂದು ಗುಂಪಿದೆ. ತಾರೀಕು ಹಾಕಲು ಮನಸ್ಸಾಗದೆ ‘ನಾಳೆ’ ಎಂದಷ್ಟೇ ಬರೆದಿಟ್ಟ ಸಾಲುಗಳು. ನಾಳೆ ಅಟ್ಟದ ಟ್ರಂಕು, ನಾಳೆ ಹಲ್ಲಿನ ಡಾಕ್ಟರು, ನಾಳೆ ಬಚ್ಚಲ ನಲ್ಲಿ. ಎಷ್ಟು ಸಲ ಸಾರ್ಟ್ ಮಾಡಿದರೂ ಅವು ಅಲ್ಲಿಂದ ಕದಲುವುದಿಲ್ಲ. ಹಿಂದೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುತ್ತಿತ್ತಂತೆ.

ನಲ್ಲಿಗೆ ಓದು ಬಾರದು. ಇಡೀ ರಾತ್ರಿ ತೊಟ್ಟಿಕ್ಕುತ್ತಲೇ ಇದೆ.